ಜೊತೆನೆರಳು

ಇಳಕಲ್ಲು, ಬಿಸಿಲು ಮಾಸದ ನಲವತ್ತೊಂದನೆಯ ದಿನ, ೨೩೧೭

ಮುನ್ನೂರು ವರ್ಷ ಹಿಂದಿರುವ ಹಿರಿಯರೇ,

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ಬೇಸಿಗೆ ಮುಗಿಯುವುದನ್ನೇ ಮರೆತ ಮೇಲೆ ಅದಕ್ಕೆಂದೇ ಒಂದು ಉದ್ದನೆಯ ಮಾಸ ಮಾಡಿಕೊಂಡಿದ್ದೇವೆ. ನಿಮಗೆ ತಿಳಿಯದ ಶಬ್ದಗಳು ಬಂದರೆ ಕ್ಷಮಿಸಿ, ಬಂದಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ಆದರೆ ನನ್ನ ಜೀವ ಹಿಂಡಿದ ಶಬ್ದ ಮಾತ್ರ ನಿಮ್ಮದೇ. ಇಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಾನು ನಿಂಬೆವ್ವ, ನೆರಳುಗಾತಿ. ಓಣಿಯ ಈ ಗೋಡೆಯಿಂದ ಆ ಗೋಡೆಗೆ ಕಟ್ಟುವ ದಪ್ಪ ಬಟ್ಟೆ ಹೊಲಿಯುವವರನ್ನು ಹಾಗೆನ್ನುತ್ತಾರೆ. ಆ ಬಟ್ಟೆಗೂ ನಾವು ಕೆಂಪು ಸೆರಗು ಕೂಡಿಸುತ್ತೇವೆ; ಏಕೆಂದು ಯಾರಿಗೂ ಗೊತ್ತಿಲ್ಲ, ಕೂಡಿಸದಿದ್ದರೆ ಮನಸ್ಸು ಒಪ್ಪುವುದಿಲ್ಲ. ಬಟ್ಟೆ ಇಲ್ಲದ ಓಣಿಯಲ್ಲಿ ಬಿಸಿಲೇರಿದ ಮೇಲೆ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ಮೇಲಿನ ಪೇಟೆಗೆ ಎರಡೆರಡು ಪದರ. ನಮ್ಮ ಕೆಳಗಿನ ಓಣಿಗೆ ಒಂದು ಚಿಂದಿಯೂ ಇಲ್ಲ. ಯಾವ ಬಟ್ಟೆ ಎಲ್ಲಿಗೆಂದು ಹೇಳುವುದು ಊರಸಭೆ. ಹೋದ ವರ್ಷದ ಬಿಸಿಲು ಮಾಸದಲ್ಲಿ ಪಕ್ಕದ ಮನೆಯ ಮಾಬೂಬಿಯ ಮೊಮ್ಮಗಳು ನೀರು ತರಲು ಹೋಗಿ ಓಣಿಯ ನಡುವೆ ಬಿದ್ದಳು, ಮತ್ತೆ ಏಳಲಿಲ್ಲ. ನಾನು ಹೊಲಿದ ಬಟ್ಟೆ ಆ ಹೊತ್ತಿಗೆ ಮೇಲಿನ ಪೇಟೆಯ ಬಾಗಿಲು ಹಾಕಿದ ಅಂಗಡಿಗಳ ಮೇಲೆ ತೂಗುತ್ತಿತ್ತು. ಸಭೆಗೆ ನಾನೇ ನಿಲ್ಲುತ್ತೇನೆಂದು ಅಂದೇ ತೀರ್ಮಾನಿಸಿದೆ.

ನಿಮ್ಮ ಕಾಲದಲ್ಲಿ ಚುನಾವಣೆಗೆ ‘ನಿಲ್ಲುವುದು’ ಎಂದರೆ ಬರೀ ಮಾತಿಗೆ ಹೇಳುವುದಂತೆ, ನಿಂತವರು ಆರಾಮಾಗಿ ಕೂತಿರುತ್ತಿದ್ದರಂತೆ. ಧೂಳಿನ ವರ್ಷಗಳಲ್ಲಿ ನಿಮ್ಮ ಕಾನೂನಿನ ಪುಸ್ತಕಗಳೆಲ್ಲ ಹಾಳಾದವು. ಮುದುಕರ ಬಾಯಲ್ಲಿ ಉಳಿದ ಮಾತುಗಳನ್ನು ಕೂಡಿಸಿ ಹೊಸ ಕಾನೂನು ಬರೆದ ಪುಣ್ಯಾತ್ಮರು, ನಿಲ್ಲುವುದೆಂದರೆ ಕಾಲ ಮೇಲೆ ನಿಲ್ಲುವುದೇ ಎಂದುಕೊಂಡರು. ಪಕ್ಷದವರನ್ನು ಪಕ್ಷ ‘ನಿಲ್ಲಿಸುತ್ತದೆ’ ಎಂದಿತ್ತಲ್ಲ, ಅವರ ಪರವಾಗಿ ಪಕ್ಷವೇ ನಿಂತಂತೆ ಲೆಕ್ಕ. ಅವರು ಮನೆಯಲ್ಲಿ ಮಲಗಿರಬಹುದು. ತಾವಾಗಿ ನಿಲ್ಲುವವರು ಮಾತ್ರ ನಿಲುಗಲ್ಲಿನ ಮೇಲೆ, ಅಂದರೆ ಸುತ್ತ ಸುಣ್ಣದ ಗೆರೆ ಎಳೆದ ಕೆಂಪು ಕಲ್ಲುಹಾಸಿನ ಮೇಲೆ, ಬೆಳಗಿನಿಂದ ಹೊತ್ತು ಮುಳುಗುವವರೆಗೆ ಬಿಸಿಲಿನಲ್ಲಿ ನಿಂತಿರಬೇಕು. ಸಂಜೆಗೆ ಪಕ್ಕದಲ್ಲಿ ಹತ್ತು ಜೊತೆನೆರಳು, ಅಂದರೆ ಬೆಂಬಲಕ್ಕೆ ಬಂದವರ ನೆರಳು, ಬಿದ್ದಿರಬೇಕು; ಇಲ್ಲದಿದ್ದರೆ ನಿಂತದ್ದು ಲೆಕ್ಕಕ್ಕಿಲ್ಲ. ಹೆಸರು ಕೇಳಿದರೆ ಜನ ಹೆದರುತ್ತಾರೆಂದು ಬರೀ ನೆರಳನ್ನು ಎಣಿಸುತ್ತಾರೆ. ನಮ್ಮೂರಿನಲ್ಲಿ ನೆರಳು ನೋಡಿಯೇ ಇದು ಇಂಥವರ ಸೊಸೆ ಎಂದು ಹೇಳುವವರಿದ್ದಾರೆ, ಆ ಮಾತು ಬೇರೆ.

ನಿನ್ನೆ ನಿಂತೆ. ಹೋಗುತ್ತ ಬರುತ್ತ ಎಲ್ಲರೂ ಹೇಳಿದ್ದೇ ಹೇಳಿದ್ದು, “ನಿನ್ನಂಥಾಕಿನ ನಿಲ್ಲಬೇಕವ್ವಾ, ನಾವೆಲ್ಲಾ ನಿನ್ ಕಡೀನ ಅದೀವಿ.” ಆದರೆ ಯಾರೂ ಗೆರೆ ದಾಟಲಿಲ್ಲ. ದಾಟಿದವರ ಮನೆಗೆ ಮರುದಿನದಿಂದ ನೀರಿನ ಸರದಿ ತಪ್ಪುತ್ತದೆ. ಯಾರೂ ತಪ್ಪಿಸುವುದಿಲ್ಲ ಮತ್ತೆ, ತಾನಾಗಿ ತಪ್ಪುತ್ತದೆ. ಮಧ್ಯಾಹ್ನ ಕಾಲು ಸುಡುತ್ತಿದ್ದಾಗ ಮಾಬೂಬಿ ಬಂದು ಗೆರೆಯಾಚೆಯಿಂದಲೇ ತಂಬಿಗೆ ಚಾಚಿ, “ಮಜ್ಜಿಗಿ ಕುಡಿ ಯಕ್ಕಾ, ಬಾಯಿ ಒಣಗೇತಿ” ಎಂದಳು. ಕುಡಿದೆ. ಅವಳ ಕಾಲನ್ನೇ ನೋಡುತ್ತ ಕುಡಿದೆ.

ಸಂಜೆಯಾಗುತ್ತಲೇ ಓಣಿಯ ಜನ ಒಬ್ಬೊಬ್ಬರಾಗಿ ಬಂದು ಕಲ್ಲಿನ ಪಡುವಣ ಬದಿಗೆ, ಗೆರೆಯ ಹೊರಗೆ ನಿಂತರು. ಅಲ್ಲೇ ಯಾಕೆ ಗುಂಪಾದರೆಂದು ನನಗೆ ಮೊದಲು ತಿಳಿಯಲಿಲ್ಲ. ಸೂರ್ಯ ಅವರ ಬೆನ್ನ ಹಿಂದೆ ಇಳಿಯುತ್ತಿದ್ದಂತೆ ನೆರಳುಗಳು ಉದ್ದವಾಗಿ, ಗೆರೆ ದಾಟಿ, ನನ್ನ ಕಾಲಿನ ಹತ್ತಿರ ಬಂದು ಬಿದ್ದವು. ಅಯ್ಯೋ ನನ್ನವ್ವಾ, ಎಂಥಾ ಉಪಾಯ! ಕಾಲು ಹೊರಗೆ, ನೆರಳು ಒಳಗೆ. ಕಣ್ಣು ತುಂಬಿ ಬಂತು. ಎಣಿಸಲು ಬಂದ ಅಧಿಕಾರಿ ಹತ್ತು ದಾಟಿದ ಮೇಲೂ ಎಣಿಸುತ್ತಲೇ ಇದ್ದರು. ಕಡೆಗೆ ಛತ್ರಿ ಮಡಚಿ, ಬಹಳ ಮೆತ್ತಗೆ ಹೇಳಿದರು, “ನೆರಳಿನವ್ರು ಒಂದ್ ಹೆಜ್ಜಿ ಮುಂದ ಬರ್ರಿ. ಕಾಲೂ ಒಳಗ ಇರಬೇಕು.”

ಕಾನೂನಿನಲ್ಲಿ ಕಾಲಿನ ಮಾತೇ ಇಲ್ಲ. ಆದರೆ ಅದನ್ನು ವಾದಿಸುವ ಹಕ್ಕು ನಿಂತದ್ದು ಪಕ್ಕಾ ಆದವರಿಗೆ ಮಾತ್ರ, ನಾನಿನ್ನೂ ನಿಂತವಳೇ ಅಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನೆರಳುಗಳು ಒಂದೊಂದಾಗಿ ಕಲ್ಲಿನಿಂದ ಹಿಂದೆ ಸರಿದವು. ಕಡೆಗೆ ಉಳಿದದ್ದು ಒಂದೇ, ಕೈಯಲ್ಲಿ ತಂಬಿಗೆ ಹಿಡಿದದ್ದು. ಅದು ಬಹಳ ಹೊತ್ತು ಅಲ್ಲಾಡಲಿಲ್ಲ. ಮಾಬೂಬಿಯ ಮನೆಯಲ್ಲಿ ಇನ್ನೊಬ್ಬ ಮೊಮ್ಮಗಳಿದ್ದಾಳೆ, ಅವಳಿಗೂ ನೀರು ಬೇಕು. ಅದೂ ಹೋಯಿತು.

ಸಿಟ್ಟಿಲ್ಲವೆಂದರೆ ಸುಳ್ಳಾದೀತು. ಇಂದು ಬೆಳಿಗ್ಗೆ ಮಾಬೂಬಿ ರೊಟ್ಟಿ ತಂದು ಬಾಗಿಲಲ್ಲಿಟ್ಟು ಹೋದಳು, ಮುಖ ತೋರಿಸಲಿಲ್ಲ. ರೊಟ್ಟಿ ಒಳಗೆ ತಂದಿಟ್ಟುಕೊಂಡೆ. ಇಷ್ಟು ಜನರ ನಡುವೆ ಇಷ್ಟು ಒಂಟಿಯಾಗಬಹುದೆಂದು ನನಗೆ ಗೊತ್ತಿರಲಿಲ್ಲ. ನಿಲ್ಲಲು ನಾಳೆ ಇನ್ನೊಂದು ದಿನವಿದೆ. ಈ ಸಲ ಕಲ್ಲಿನ ನಡುವೆ ನಿಲ್ಲುವುದಿಲ್ಲ, ಪಡುವಣ ಅಂಚಿನಲ್ಲಿ ಗೆರೆಗೆ ಬೆರಳು ತಾಗಿಸಿ ನಿಲ್ಲುತ್ತೇನೆ. ಬರುವವರಿಗೆ ಹೆಜ್ಜೆ ಚಿಕ್ಕದಾಗಲಿ.

ಹಿರಿಯರೇ, ನಿಮ್ಮಲ್ಲೊಂದು ಬೇಡಿಕೆ. ನಿಮ್ಮ ಊರಿನಲ್ಲಿ ಯಾರಾದರೂ ಹಿಂದೆ ಮುಂದೆ ಯಾರಿಲ್ಲದೆ ಒಬ್ಬರೇ ನಿಂತದ್ದನ್ನು ಕಂಡರೆ, ಮತ ನಿಮಗೆ ಬೇಕಾದವರಿಗೆ ಹಾಕಿ, ಆದರೆ ಒಂದು ಗಳಿಗೆ ಅವರ ಪಕ್ಕಕ್ಕೆ ಹೋಗಿ ನಿಲ್ಲಿ. ಎಲ್ಲರೂ ನೋಡುವಂತೆ ನಿಲ್ಲಿ. ನಿಮ್ಮಿಂದ ಬಾಯಿಂದ ಬಾಯಿಗೆ ನಮಗೆ ಬಂದು ಮುಟ್ಟಿದ್ದು ‘ನಿಲ್ಲುವುದು’ ಒಂದೇ. ಪಕ್ಕದಲ್ಲಿ ನಿಲ್ಲುವ ರೂಢಿ ನಿಮ್ಮಲ್ಲಿ ಇದ್ದಿದ್ದರೆ, ಅದೂ ಬಂದಿರುತ್ತಿತ್ತು.

ನಿಮ್ಮವಳು,
ನಿಂಬೆವ್ವ, ಕೆಳಗಿನ ಓಣಿ