‘ಶುದ್ಧ ಗಾಳಿ’ ಪ್ರದರ್ಶನದ ಹೊಗೆ

ವಸ್ತುಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ನಿಮ್ಮ ‘ಶುದ್ಧ ಗಾಳಿ’ ಪ್ರದರ್ಶನವನ್ನು ನಾನು ಎರಡು ಸಲ ಅನುಭವಿಸಿದೆ: ಮೊದಲು ಮೊಮ್ಮಗಳ ಜೊತೆ ಟಿಕೆಟ್ ಕೊಂಡು ಕಣ್ಣಿನಿಂದ, ಆಮೇಲೆ ಪುಕ್ಕಟೆಯಾಗಿ ಮೂಗಿನಿಂದ. ಪ್ರದರ್ಶನ ಮುಗಿದ ಮರುದಿನವೇ ಅದರ ಪ್ಲೈವುಡ್ ಗೋಡೆ, ಥರ್ಮೋಕೋಲಿನ ಮರ, ಮೋಡ ಎಲ್ಲವನ್ನೂ ನಿಮ್ಮವರು ಹಿತ್ತಲಲ್ಲಿ ರಾಶಿ ಹಾಕಿ ಬೆಂಕಿ ಇಟ್ಟರು. ಆ ಹಿತ್ತಲಿಗೆ ಅಂಟಿಕೊಂಡೇ ನಮ್ಮ ಮನೆ. ಮನೆಯೊಳಗೆ ಉಬ್ಬಸದ ನನ್ನ ಯಜಮಾನರು. ಓದುವುದು ಶಾಸ್ತ್ರ, ಇಕ್ಕುವುದು ಗಾಳ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಮೊದಲು ಕಂಡವಳು ಮೊಮ್ಮಗಳು. “ಅಜ್ಜೀ, ನಮ್ ಮೋಡ ಸುಡ್ತಿದಾರೆ!” ಎಂದು ಅಡುಗೆಮನೆ ಕಿಟಕಿಯಿಂದ ಕೂಗಿದಳು. ನಾನು ಸೆರಗು ಮೂಗಿಗೆ ಹಿಡಿದು ನಿಮ್ಮ ಹಿಂಬಾಗಿಲಿಗೆ ಓಡಿದೆ. ಅಲ್ಲಿದ್ದ ಮೇಲ್ವಿಚಾರಕರು ಪಾಪ, ಬಹಳ ವಿನಯವಂತರು.

“ಏನ್ ಮಾಡೋದಮ್ಮಾ, ಎಲ್ಲಾ ಗೋಂದು ಹಾಕಿ ಅಂಟಿಸಿರೋದು. ಬಿಚ್ಚಕ್ಕೆ ಬರಲ್ಲ, ಒಡೀಲೇಬೇಕು.”

“ಸ್ಕ್ರೂ ಹಾಕಿದ್ರೆ ಆಗ್ತಿರ್ಲಿಲ್ವಾ?”

“ಉದ್ಘಾಟನೆ ಫೋಟೋದಲ್ಲಿ ಸ್ಕ್ರೂ ತಲೆ ಕಾಣ್ಸುತ್ತೆ ಅಂತ ಸಾಹೇಬ್ರು ಬೇಡ ಅಂದ್ರು.”

ಭೇಷ್! ಬೆರಳ ತುದಿಯಷ್ಟಿಲ್ಲದ ಸ್ಕ್ರೂ ತಲೆ ಫೋಟೋದಲ್ಲಿ ಕಂಡರೆ ನಿಮ್ಮ ಮಾನ ಹೋಗುತ್ತದೆ. ತಾಳೆಮರದೆತ್ತರ ಎದ್ದ ಕರಿಹೊಗೆ ಊರಿಗೆಲ್ಲ ಕಂಡರೆ ಹೋಗುವುದಿಲ್ಲ! ಹಳೆಯ ಗೋಡೆಗೇ ಹೊಸ ಬಣ್ಣ ಬಳಿದು ನಿಲ್ಲಿಸಿದರೆ ಉದ್ಘಾಟನೆಯ ಅತಿಥಿಗಳು ಮುನಿಸಿಕೊಳ್ಳುತ್ತಾರೆಯೇ? ಈಗ ‘ಕಾಡು ಉಳಿಸಿ’ ಪ್ರದರ್ಶನಕ್ಕೆಂದು ಲಾರಿಯಿಂದ ಹೊಸ ಪ್ಲೈವುಡ್ ಇಳಿಯುತ್ತಿದೆ. ಕಾಡು ಉಳಿಸಲು ಇನ್ನೆಷ್ಟು ಮರ ಬೇಕು ಸ್ವಾಮಿ? ಕೇಳಿದರೆ ಪರಿಸರ ಕಾಳಜಿಯ ಭಾಷಣ ಬಿಗಿಯುತ್ತೀರಿ. ಸಾಕು, ನಮ್ಮ ಕಿವಿಗೆ ಹೂವಿಡಬೇಡಿ.

ನಿಮ್ಮ ಥರ್ಮೋಕೋಲ್ ಮರಕ್ಕೆ ಮಕ್ಕಳು ತಮ್ಮ ಆಸೆ ಬರೆದ ಕಾಗದದ ಎಲೆ ಅಂಟಿಸಬೇಕಿತ್ತು, ನೆನಪಿದೆಯೇ? ನಮ್ಮವಳು ನಾಲಿಗೆ ಕಚ್ಚಿಕೊಂಡು ಬರೆದದ್ದು ಒಂದೇ ಸಾಲು: ‘ತಾತನ ಕೆಮ್ಮು ನಿಲ್ಲಲಿ.’ ಆ ಎಲೆಯೂ ಅದೇ ಬೆಂಕಿಗೆ ಹೋಯಿತು. ಅದರ ಹೊಗೆಗೇ ತಾತನಿಗೆ ಉಸಿರು ಸಿಕ್ಕಿಕೊಂಡು ಆಸ್ಪತ್ರೆಗೆ ಸೇರಿಸಬೇಕಾಯಿತು.

ಆದ್ದರಿಂದ ಗೋಡೆಗಳಿಗೆ ಸ್ಕ್ರೂ ಹಾಕಿಸಿ, ಬಿಚ್ಚಿಡಿ, ಮುಂದಿನ ಸಲಕ್ಕೂ ಅವನ್ನೇ ನಿಲ್ಲಿಸಿ. ಆಗುವುದಿಲ್ಲವೆಂದರೆ ಮುಂದಿನ ಬೆಂಕಿಯನ್ನು ಮುಂಬಾಗಿಲಲ್ಲಿ, ನಿಮ್ಮ ಅತಿಥಿಗಳನ್ನು ಸಾಲಾಗಿ ಕೂರಿಸಿ ಹಚ್ಚಿ.

ಇನ್ನೊಂದು ಕೆಲಸವಿದೆ. “ನಾನು ಬರ್ದಿದ್ದೂ ಸುಟ್ಟೋಯ್ತಲ್ಲ ಅಜ್ಜೀ, ಅದಕ್ಕೇನಾ ತಾತಂಗೆ ಜಾಸ್ತಿ ಆಗಿದ್ದು?” ಎಂದು ಮೊಮ್ಮಗಳು ದಿನಾ ಕೇಳುತ್ತಾಳೆ. ನೀವೇ ಬಂದು ಅವಳಿಗೆ ಉತ್ತರ ಹೇಳಿ.

ಇಂತಿ,
ನಿಮ್ಮ ಹಿತ್ತಲಿನಾಚೆ ಕಿಟಕಿ ಮುಚ್ಚಿಕೊಂಡು ಕೂತಿರುವ ಅಜ್ಜಿ