ಚಿಕ್ಕಮ್ಮ ಹೊಲಿದ ಕೋಟು, ಚಿಕ್ಕಮ್ಮನನ್ನು ಅರಿಯದ ನೋಟರಿ

ನೋಟರಿಗಳಿಗೆ ತೋರಿಸಬೇಕಾದ ಗುರುತಿನ ಚೀಟಿಗಳ ಪಟ್ಟಿ ಹೊರಡಿಸಿದ ಮಾನ್ಯರೇ,

ನಮ್ಮ ಚಿಕ್ಕಮ್ಮ ಹನ್ನೊಂದು ದಿನಗಳಿಂದ ನಮ್ಮ ಚಿಕ್ಕಮ್ಮನಲ್ಲ. ಅವರ ಒಂದೇ ಒಂದು ಚೀಟಿಯ ಅವಧಿ ಅಂದು ಮುಗಿಯಿತು. ಬ್ರೆಡ್ಡಿನ ಪೊಟ್ಟಣದಂತೆ ಮನುಷ್ಯರಿಗೂ ಕೊನೆಯ ದಿನಾಂಕವಿದೆಯೆಂಬ ಜ್ಞಾನ ಕರುಣಿಸಿದ ತಮಗೆ ಮೊದಲು ವಂದನೆ.

ಗುರುವಾರ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆ. ತಂದೆತಾಯಿಯಿಲ್ಲದ ಒಂಬತ್ತು ವರ್ಷದ ಮೊಮ್ಮಗಳನ್ನು ಅವರೇ ಸಾಕುತ್ತಿದ್ದಾರೆ. ತಮಗೇನಾದರೂ ಆದರೆ ಮಗು ನನ್ನ ಮನೆಗೆ ಬರಲಿ, ಅನಾಥಾಲಯಕ್ಕಲ್ಲ ಎಂಬ ಪತ್ರಕ್ಕೆ ಅವರು ಸಹಿ ಹಾಕಬೇಕು, ನೋಟರಿ ಅದನ್ನು ದೃಢೀಕರಿಸಬೇಕು. ಹೊಸ ಚೀಟಿಗೆ ಆರು ವಾರವಂತೆ. ಅಲ್ಲಿಯತನಕ ತಡೆದುಕೋ ಎಂದು ಹೃದಯಕ್ಕೆ ಅರ್ಜಿ ಹಾಕೋಣವೇ?

ಸೋಮವಾರ ಕುರ್ಚಿ ಸಮೇತ ಅವರನ್ನು ಇಪ್ಪತ್ತೆರಡು ಮೆಟ್ಟಿಲು ಹೊತ್ತು ನೋಟರಿಯ ಕೋಣೆ ಮುಟ್ಟಿಸಿದೆವು. ನೋಟರಿ ಎದ್ದು ನಿಂತರು. "ಬನ್ನಿ ಅಕ್ಕಾ, ಎಷ್ಟು ಸೊರಗಿದೀರಲ್ಲ!" ಚೀಟಿ ನೋಡಿದ್ದೇ ದನಿ ಇಳಿಯಿತು. "ಇದು ನಡೆಯಲ್ಲ ಅಕ್ಕಾ. ನೀವು ಯಾರು ಅಂತ ಗೊತ್ತಾಗಬೇಕಲ್ಲ."

"ಮತ್ತೆ ಈಗ ಅಕ್ಕಾ ಅಂದಿದ್ದು ಯಾರಿಗಪ್ಪಾ?" ಚಿಕ್ಕಮ್ಮ ಕೇಳಿದರು.

"ಅದು ನಾನು ಅಂದಿದ್ದು. ಪಟ್ಟಿ ಅಂದಿಲ್ಲ."

ಚಿಕ್ಕಮ್ಮ ದರ್ಜಿ. "ಆ ಕೋಟು ಬಿಚ್ಚು" ಎಂದರು. ನೋಟರಿ ತೆಪ್ಪಗೆ ಬಿಚ್ಚಿದರು. ತಾವು ಹೊಲಿದ ಪ್ರತಿ ಬಟ್ಟೆಯ ಕಾಲರಿನೊಳಗೂ ಚಿಕ್ಕಮ್ಮ ಕೆಂಪು ದಾರದಲ್ಲಿ ತಮ್ಮ ಸಹಿ ಹೊಲಿಯುತ್ತಾರೆ. ಅಲ್ಲಿಯೂ ಇತ್ತು. "ಮೂವತ್ತೊಂದು ವರ್ಷದ ಹಿಂದೆ ಹೊಲಿದಿದ್ದು. ನಿನ್ನ ಎಡಭುಜ ಒಂದು ಬೆರಳು ಇಳಿದಿದೆ. ಒಳಗೆ ಬಟ್ಟೆ ಕೊಟ್ಟು ಎತ್ತಿದೀನಿ. ಅದು ನಿನ್ನ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ."

ನೋಟರಿ ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಆ ಕೆಂಪು ದಾರವನ್ನು ಬೆರಳಿನಿಂದ ಸವರಿದರು. ಮೊಹರು ಮಾತ್ರ ಡಬ್ಬಿಯಿಂದ ಹೊರಬರಲಿಲ್ಲ. ಅವರನ್ನು ಬೈಯಲಾರೆ. ಅವರ ಪರವಾನಗಿ ತಮ್ಮ ಕೈಯಲ್ಲಿದೆ.

ಅಲ್ಲಾ ಸ್ವಾಮೀ, ನಿನ್ನೆ ಬಸ್ಸಿಳಿದ ವಂಚಕ ಹೊಳೆಯುವ ಚೀಟಿ ಹಿಡಿದರೆ ಅವನು ಅವನೇ. ಮೂರು ದಶಕದಿಂದ ಬಲ್ಲವರು ಎದುರು ಕೂತರೆ ಯಾರೋ! ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಿದ್ದರು ಹಿರಿಯರು. ತಮಗೆ ಕನ್ನಡಿ ಬೇಕು, ಅದೂ ಅವಧಿ ಮುಗಿಯದ ಕನ್ನಡಿ.

ನನ್ನ ಬೇಡಿಕೆ ಒಂದೇ ಸಾಲು. ಪಟ್ಟಿಯ ಕೊನೆಗೆ "ನೋಟರಿ ಸ್ವತಃ ಬಲ್ಲವರು" ಎಂದು ಸೇರಿಸಿ. ಬುಧವಾರ ಸಂಜೆಯೊಳಗೆ ಸೇರಿಸಿ.

ಮೆಟ್ಟಿಲಿಳಿಸುವಾಗ ಚಿಕ್ಕಮ್ಮ ಅಂದರು: "ಅವನ ಕೋಟಿನ ಭುಜದ ಬಟ್ಟೆ ಜಾರಿದೆ ಕಣೋ. ಗುರುವಾರ ಕಳೀಲಿ, ತಂದುಕೊಡು ಅಂತ ಹೇಳು. ನಾನು ಆಸ್ಪತ್ರೆಯಿಂದ ಬರದಿದ್ರೆ, ಆ ಕೆಂಪು ದಾರದ ಸಹಿ ಮಗೂಗೆ ತೋರಿಸು."

ಇಂತಿ,
ಆ ಮಗು ಮಾಮ ಎಂದು ಕರೆಯುವ, ಆದರೆ ಕಾಗದದಲ್ಲಿ ಅವಳಿಗೆ ಇನ್ನೂ ಯಾರೂ ಅಲ್ಲದವನು