ಸ್ಕ್ರೀನ್ ಮೇಲೆ ಉಳಿದ ಮುಖ

ಮಾರ್ಚ್ 3, ಬೆಳಿಗ್ಗೆ

ಮತ್ತೆ ಅರ್ಧ ಚಿತ್ರ. ಬಾಗಿಲ ಹೊರಗೆ ಕ್ಯಾಮೆರಾ, ಒಳಗೆ ಪುಟ್ಟ ಸ್ಕ್ರೀನ್, ನಡುವೆ ಉದ್ದದ ವಯರು. ಬೆಲ್ ಒತ್ತಿದವರ ಒಂದು ಫೋಟೋ ಅದರಲ್ಲಿ ಸಾಲು ಸಾಲಾಗಿ, ಮೇಲಿನಿಂದ ಕೆಳಗೆ ನಿಧಾನಕ್ಕೆ ಬರುತ್ತದೆ. ಮಧ್ಯೆ ಡೇಟಾ ತಪ್ಪಿದರೆ ಮೂಗಿನ ಕೆಳಗೆಲ್ಲ ಬಣ್ಣದ ಚಿಂದಿ.

ಅಕ್ಕನಿಗೆ ಅದೇ ತಮಾಷೆ. ಕಿವಿ ಕೇಳಿಸದು ಅವಳಿಗೆ, ತುಟಿ ನೋಡಿ ಮಾತು ತಿಳಿಯುತ್ತಾಳೆ. ಬೆಲ್ ಒತ್ತಿದರೆ ಹೊಲಿಗೆ ಮಷೀನ್ ಪಕ್ಕದ ಬಲ್ಬು ಮಿನುಗುತ್ತದೆ, ಸ್ಕ್ರೀನ್ ನೋಡುತ್ತಾಳೆ. ಕೂದಲು ಬರುತ್ತಿದ್ದಂತೆಯೇ ಯಾರೆಂದು ಗುರುತಿಸಿ, "ಅಮ್ಮ! ಬೈತಲೆ ಸೊಟ್ಟ" ಎನ್ನುತ್ತಾಳೆ.

ನಾನು ಇಷ್ಟೆಲ್ಲ ಮಾಡಿದ್ದು ಒಬ್ಬನಿಗೆ ಹೆದರಿ. ಅವಳು ಬಿಟ್ಟುಬಂದ ಗಂಡ. ಕುಡಿದು ಬಂದು ಬಾಗಿಲು ಗುದ್ದುತ್ತಾನೆ. ಅವನ ಮುಖ ಕಂಡರೆ ತೆಗೆಯಬೇಡ, ಬೇರೆ ಯಾರೇ ಬಂದರೂ ತೆಗಿ ಎಂದಿದ್ದೇನೆ.

ಮಾರ್ಚ್ 5

ಚಿಕ್ಕಪ್ಪ ಬಂದಿದ್ದರು. ಅವರ ಮುಂದೆ ಜಂಬ ಕೊಚ್ಚಿಕೊಂಡೆ. ಆಗಲೇ ಚಿತ್ರ ಕೆಟ್ಟು ಬರಬೇಕೆ! "ಏನೋ ಮೆಕ್ಯಾನಿಕ್ಕು, ನಿನ್ ಕೆಲ್ಸ ಮೂಗಿನ ತನಕ ಮಾತ್ರಾನಾ?" ಎಲ್ಲರೂ ನಕ್ಕರು. ಮೈ ಉರಿಯಿತು.

ಕೂತು ಪ್ರೋಗ್ರಾಂ ಬದಲಿಸಿದೆ. ಈಗ ಚಿತ್ರ ಪೂರ್ತಿ ಸರಿಯಾಗಿ ಬಂದರೆ ಮಾತ್ರ ತೋರಿಸುತ್ತದೆ. ಕೆಟ್ಟದ್ದನ್ನು ಬಿಸಾಡಿ, ಹಿಂದಿನ ಒಳ್ಳೆಯ ಚಿತ್ರವನ್ನೇ ಇಟ್ಟುಕೊಳ್ಳುತ್ತದೆ. ಚೊಕ್ಕವಾಗಿದೆ. ಅಕ್ಕನಿಗೆ ಹೇಳಲಿಲ್ಲ. ಹೇಳುವಂಥದ್ದೇನು.

ಮಾರ್ಚ್ 14, ಸಂಜೆ

ರಿಪೇರಿ ಅಂಗಡಿಯಿಂದ ಬಂದರೆ, ಅಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಾಳೆ. ಬಿಸಿಲಿಗೆ ತುಟಿ ಒಣಗಿದೆ. ಮಧ್ಯಾಹ್ನದಿಂದ ಬೆಲ್ ಒತ್ತಿ ಒತ್ತಿ ಸಾಕಾಗಿದೆ. ನನ್ನ ಕೀಲಿಯಿಂದ ತೆಗೆದೆ. ಒಳಗೆ ಅಕ್ಕ, ಮೂಲೆಯಲ್ಲಿ, ಬಟ್ಟೆ ಕತ್ತರಿ ಹಿಡಿದು ಕೂತಿದ್ದಾಳೆ.

"ಅವನೇ... ಮಧ್ಯಾಹ್ನದಿಂದ ಅವನೇ. ಹೋಗ್ಲೇ ಇಲ್ಲ."

"ಅಮ್ಮ ಕಣಕ್ಕ ಅಲ್ಲಿದ್ದಿದ್ದು! ಕಿವಿಯಂತೂ ಇಲ್ಲ, ಕಣ್ಣೂ ಹೋಯ್ತಾ ನಿಂಗೆ?"

ನನ್ನ ತುಟಿಯನ್ನೇ ನೋಡುತ್ತಿದ್ದಳು. ಒಂದಕ್ಷರವೂ ತಪ್ಪಿರಲಿಕ್ಕಿಲ್ಲ. ನಾನೋ, ಪುಣ್ಯಾತ್ಮ, ಸ್ಕ್ರೀನ್ ಕಡೆ ತಿರುಗಿಯೂ ನೋಡಲಿಲ್ಲ.

ಮಾರ್ಚ್ 17

ಬಲ್ಬು ಮಿನುಗಿದರೂ ಅಕ್ಕ ಏಳುವುದಿಲ್ಲ. ಒಮ್ಮೆ ಸ್ಕ್ರೀನ್ ನೋಡಿ ತಲೆ ತಗ್ಗಿಸುತ್ತಾಳೆ. ಬಟ್ಟೆ ಹೊಲಿಸಲು ಬಂದವರೆಲ್ಲ ವಾಪಸು. "ನನ್ ತಲೆ ಕೆಟ್ಟಿದೆ ಅನ್ಸುತ್ತೆ. ಇರೋ ಬಟ್ಟೆ ಮುಗಿಸ್ತೀನಿ, ಆಮೇಲೆ ಹೊಲಿಗೆ ಸಾಕು," ಎಂದಳು ಅಮ್ಮನಿಗೆ. ಅಮ್ಮ ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳಂತೆ.

ಮಾರ್ಚ್ 18

ವಯರಿನ ಜಾಯಿಂಟ್ ಸಡಿಲ. ಬಿಸಿಲೇರಿದರೆ ಬಿಡುತ್ತದೆ. ಬೆಲ್ ಒತ್ತಿ ಒಳಗೆ ಬಂದು ನೋಡಿದೆ. ಸ್ಕ್ರೀನ್ ಮೇಲೆ ನಾನಿಲ್ಲ — ಬೆಳಿಗ್ಗೆ ಬಂದು ಹೋದ ಪೋಸ್ಟ್‌ಮ್ಯಾನ್! ಹಲ್ಲು ಕಿರಿದು ನಿಂತಿದ್ದಾನೆ.

ಅವತ್ತು ಅಮ್ಮ ಬರುವ ಮುಂಚೆ ಅಕ್ಕನ ಗಂಡ ಒಮ್ಮೆ ಬಂದು ಹೋಗಿರಬೇಕು. ಆಮೇಲೆ ಅಮ್ಮ ಒತ್ತಿದಾಗಲೆಲ್ಲ ಚಿತ್ರ ಕೆಟ್ಟಿದೆ, ನನ್ನ ಪ್ರೋಗ್ರಾಂ ಅದನ್ನು ಬಿಸಾಡಿ ಅವನ ಮುಖವನ್ನೇ ತೋರಿಸಿದೆ. ಅಕ್ಕ ಕಂಡದ್ದನ್ನೇ ಹೇಳಿದಳು. ಚಿಂದಿ ಚಿತ್ರವೇ ಬಂದಿದ್ದರೆ ಸೊಟ್ಟ ಬೈತಲೆ ನೋಡಿ ಬಾಗಿಲು ತೆಗೆಯುತ್ತಿದ್ದಳು.

ನಾಚಿಕೆಯಾಗುತ್ತಿದೆ. ಅದಕ್ಕಿಂತ ನಾಚಿಕೆಗೇಡು — ಜಾಯಿಂಟ್ ಬೆಸೆದೆ, ಹಳೆಯ ಪ್ರೋಗ್ರಾಂ ಹಾಕಿದೆ, ಬಾಯಿಗೆ ಬೀಗ ಹಾಕಿಕೊಂಡು ಊಟಕ್ಕೆ ಕೂತೆ. ಅಕ್ಕನೇ ಬಡಿಸಿದಳು.

ಮಾರ್ಚ್ 21, ಬೆಳಿಗ್ಗೆ

ಡಾಕ್ಟರ ಹತ್ತಿರ ಇವತ್ತೇ. ಬೆಳಿಗ್ಗೆ ಎದುರು ನಿಂತು ಹೇಳಹೊರಟೆ. ಮುಖ ತಿರುಗಿಸಿದಳು. ಅವತ್ತಿನಿಂದ ನನ್ನ ಕಡೆ ನೋಡುವುದೇ ಇಲ್ಲ. ತುಟಿ ನೋಡದವಳಿಗೆ ಹೇಗೆ ಹೇಳಲಿ. ಆಡಿದ್ದು ಇದೇ ಬಾಯಿ ತಾನೆ.

ಹೊರಗೆ ಬಂದು ಬಾಗಿಲೆಳೆದುಕೊಂಡೆ. ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ: ತಪ್ಪು ನನ್ನದು. ನಿನ್ನ ಕಣ್ಣು ಸರಿ. ಆ ಸ್ಕ್ರೀನ್‌ಗೆ ಇಷ್ಟೇ ಹಿಡಿಸುವುದು.

ರಟ್ಟಿನ ಹಿಂದೆ ಮುಖ ಮುಚ್ಚಿಕೊಳ್ಳೋಣ ಅನ್ನಿಸಿತ್ತು. ಬೇಡ. ಎದೆಗೆ ಹಿಡಿದೆ. ಮೊದಲು ಮುಖವೇ ಬರಲಿ, ನೋಡಲಿ. ಬೆಲ್ ಒತ್ತಿ, ಫೋಟೋ ಆಗುವವರೆಗೆ ನಿಂತೆ. ಈಗ ಮೆಟ್ಟಿಲ ಮೇಲೆ, ಅಮ್ಮ ಕೂತಿದ್ದಲ್ಲೇ ಕೂತು ಬರೆಯುತ್ತಿದ್ದೇನೆ.

ಒಳಗೆ ಹೊಲಿಗೆ ಮಷೀನ್ ಓಡುತ್ತಲೇ ಇದೆ. ಕೂದಲು ಬಂದಿರಬೇಕು... ಹಣೆ... ಕಣ್ಣು...

ಇನ್ನೂ ಓಡುತ್ತಿದೆ.

ನಿಂತಿತು.

ಚಿಲಕ —